ತಿರುಗ್ತಾನೆ ಸಾರ್

ಕರೆದರೂ ತಿರುಗಿ ನೋಡದ ಮನುಷ್ಯನಿಗೆ ಸೈನ್ಯದ ಜೈಲಿನಲ್ಲಿ ದೊರೆ ಎಂದಲ್ಲದೆ ಇನ್ನೇನು ಹೆಸರು ಬಿದ್ದೀತು? ಇಟ್ಟವರು ಕಾವಲಿನ ಎಳೆಯರು. "ದೊರೆಗಳು ಇನ್ನೂ ಎದ್ದಿಲ್ಲ ಕಣ್ರೋ", "ದೊರೆಗಳ ಕಿವಿಗೆ ನಮ್ಮ ಮಾತು ಬೀಳ್ಬೇಕು ಅಂದ್ರೆ ಮೊದಲು ಅರ್ಜಿ ಹಾಕ್ಬೇಕು" ಎಂದು ಬಿದ್ದು ಬಿದ್ದು ನಗುತ್ತಿದ್ದರು. ನಕ್ಕು ಸುಮ್ಮನಾಗಿದ್ದರೆ ಯಾರಿಗೇನು ನಷ್ಟ! ಬಾಗಿಲು ತೆಗೆದು ಒಳಗೆ ನುಗ್ಗಿ ಬಡಿಯುತ್ತಲೂ ಇದ್ದರು.

ಅಲ್ಲಿನ ಕಟ್ಟಳೆಯೇ ಹಾಗಿತ್ತು. ಹಗಲಿಡೀ ಕೈದಿ ಬಾಗಿಲಿಗೆ ಬೆನ್ನು ಹಾಕಿ ಕೂರಬೇಕು. ಕಾವಲಿನವರ ಮುಖ ಗುರುತಿಟ್ಟುಕೊಳ್ಳಬಾರದಲ್ಲ, ಅದಕ್ಕೆ. ಬೀಗ ತೆಗೆಯುವ ಮೊದಲು ಹೊರಗಿನಿಂದ "ಗೋಡೆ!" ಎಂದು ಕೂಗುತ್ತಾರೆ. ಕೂಗಿದ ತಕ್ಷಣ ಒಳಗಿನವನು ಎದ್ದು, ಪಕ್ಕದ ಗೋಡೆಯತ್ತ ತಿರುಗಿ, ಅದಕ್ಕೆ ಎರಡೂ ಅಂಗೈ ಒತ್ತಿ ನಿಲ್ಲಬೇಕು. ಕಿಂಡಿಯಲ್ಲಿ ಅದನ್ನು ನೋಡಿಕೊಂಡ ಮೇಲೆಯೇ ಬಾಗಿಲು ತೆರೆಯುವುದು. ನಿಲ್ಲದಿದ್ದವನು ಮೈಮೇಲೆ ಬೀಳಲು ಕಾದಿದ್ದಾನೆಂದೇ ಲೆಕ್ಕ. ಅವನಿಗೆ ಲಾಠಿ. ದೊರೆ ಒಂದು ದಿನವೂ ಕೂಗಿಗೆ ಎದ್ದವನಲ್ಲ. ಬೆನ್ನ ಮೇಲೆ ಏಟು ಬಿದ್ದಾಗಲೇ ಹೌಹಾರಿ ತಿರುಗುತ್ತಿದ್ದ. ತಿರುಗಿದ್ದಕ್ಕೆ ಇನ್ನೆರಡು.

ಇದೆಲ್ಲ ದೊಡ್ಡಪ್ಪನಿಗೆ ಹಿಡಿಸುತ್ತಿರಲಿಲ್ಲ. ದೊಡ್ಡಪ್ಪ ಎಂದರೆ ಆ ಮಹಡಿಯ ಹವಾಲ್ದಾರ. ಎಲ್ಲರಿಗಿಂತ ಹಿರಿಯ, ಮೊಣಕಾಲು ನೋವಿನವನು, ಕೈಕೆಳಗಿನ ಹುಡುಗರಿಂದ ಹಿಡಿದು ಜೈಲಿನ ಮೇಜರ್‌ವರೆಗೆ ಎಲ್ಲರ ಬಾಯಲ್ಲೂ ದೊಡ್ಡಪ್ಪ. ಹಿಡಿಸುತ್ತಿರಲಿಲ್ಲ ಎಂದೆ, ತಡೆದ ಎನ್ನಲಿಲ್ಲ. ಸೈನ್ಯದಲ್ಲಿ ತಲೆ ನರೆಸಿಕೊಂಡ ಮನುಷ್ಯ, ತನಗೆ ಸಂಬಂಧಪಡದ ಕಡೆ ಮುಖ ತಿರುಗಿಸುವುದನ್ನು ಚೆನ್ನಾಗಿ ಕಲಿತಿದ್ದ.

ಗುಟ್ಟು ಗೊತ್ತಾದದ್ದು ಆ ಮೊಣಕಾಲಿನಿಂದಲೇ. ಜೈಲು ಹಿಂದೊಮ್ಮೆ ಧಾನ್ಯದ ಗೋದಾಮಾಗಿತ್ತು. ಮೇಲಿನ ಮಹಡಿಗೆ ಮರದ ಹಲಗೆಯ ನೆಲ. ಅದರ ಮೇಲೇ ಇಟ್ಟಿಗೆ ಎಬ್ಬಿಸಿ ಕೋಣೆ ಮಾಡಿದ್ದರು. ಗಾಳಿ ಬೀಸಿದರೆ ಈಗಲೂ ಹಲಗೆಗಳ ಸಂದಿನಿಂದ ಹಳೆಯ ಹೊಟ್ಟಿನ ಧೂಳು ಏಳುತ್ತಿತ್ತು. ಒಂದು ಬೆಳಿಗ್ಗೆ ದೊಡ್ಡಪ್ಪ ದೊರೆಯ ಬಾಗಿಲ ಮುಂದೆ ನಿಂತು "ಗೋಡೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಕಿಂಡಿಯಲ್ಲಿ ನೋಡಿದರೆ ಆಸಾಮಿ ಕಲ್ಲಿನ ಹಾಗೆ ಕೂತಿದ್ದಾನೆ. ಮತ್ತೆ ಕೂಗಿದ. ಊಹೂಂ. ಅಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು. "ಥೂ, ಇದರ ಮನೆ ಹಾಳಾಗ" ಎಂದು ಜೋಮು ಬಿಡಿಸಲು ಬೂಟುಗಾಲನ್ನು ನೆಲಕ್ಕೆ ಕುಟ್ಟಿದ. ಹಲಗೆ ಅದುರಿದ್ದೇ ತಡ, ಒಳಗಿದ್ದವನು ಚಂಗನೆ ಎದ್ದು ಗೋಡೆಗೆ ಕೈ ಒತ್ತಿ ನಿಂತುಬಿಟ್ಟ!

ದೊಡ್ಡಪ್ಪ ಬೀಗಕ್ಕೆ ಕೈ ಹಾಕಿದವನು ಹಾಗೇ ನಿಂತ. ಬಾಗಿಲು ತೆಗೆಯದೆ ಕಾದ. ದೊರೆ ಸ್ವಲ್ಪ ಹೊತ್ತು ನಿಂತು, ಯಾರೂ ಬರಲಿಲ್ಲವೆಂದು ಕೂತ. ದೊಡ್ಡಪ್ಪ ಬರಿದೆ ಕೂಗಿದ, ಅಲುಗಾಟವಿಲ್ಲ. ಬಾಯಿ ಮುಚ್ಚಿಕೊಂಡು ಬರಿದೆ ಕಾಲು ಕುಟ್ಟಿದ, ಎದ್ದು ನಿಂತ. ಅಯ್ಯೋ ಪಾಪವೇ, ಎಂದಿತು ಅವನ ಒಳಗು. ಇಷ್ಟು ದಿನ ಬಡಿದದ್ದು ಕಿವುಡನನ್ನು.

ಒಳಗೆ ಹೋಗಿ, ಭುಜ ಹಿಡಿದು ತಿರುಗಿಸಿ, "ಕಿವಿ ಕೇಳ್ಸಲ್ವೇನಯ್ಯಾ ನಿಂಗೆ?" ಎಂದು ತನ್ನ ಕಿವಿ ಮುಟ್ಟಿ ತೋರಿಸಿದ. ಆ ಮನುಷ್ಯನ ಕಣ್ಣಲ್ಲಿ ಥಟ್ಟನೆ ನೀರು ತುಂಬಿತು. "ಫಿರಂಗಿ ಸದ್ದಿಗೆ ಅಣ್ಣಾ! ಎರಡೂ ಕಿವಿ ಹೋಯ್ತು! ಯಾರೂ ನಂಬಲ್ಲ ಅಣ್ಣಾ!" ಎಂದು ಮಹಡಿ ಹಾರಿಹೋಗುವಂತೆ ಅರಚಿದ. ತನ್ನ ದನಿ ತನಗೇ ಕೇಳದವನಿಗೆ ಅಳತೆ ಎಲ್ಲಿಂದ ಗೊತ್ತಾಗಬೇಕು! ದೊಡ್ಡಪ್ಪ ಅವನ ಬಾಯಿಗೆ ಅಂಗೈ ಮುಚ್ಚಿ, ಇನ್ನೊಂದು ಕೈಯನ್ನು ಕೆಳಗೆ ಕೆಳಗೆ ಆಡಿಸಿ, ಮೆಲ್ಲಗೆ, ಮೆಲ್ಲಗೆ ಎಂದ.

ಅವನ ಮೇಲಿದ್ದ ಆರೋಪ ಇಡೀ ಜೈಲಿಗೆ ಗೊತ್ತಿದ್ದದ್ದೇ. ಫಿರಂಗಿ ದಳದವನು. ಎದುರಿನ ಗುಡ್ಡದ ಮೇಲೆ ಗುಂಡು ಹಾರಿಸುತ್ತಿದ್ದಾಗ, ತಮ್ಮವರು ಅಲ್ಲಿಗೆ ಏರಿದ್ದಾರೆ, ನಿಲ್ಲಿಸು ಎಂದು ಆಜ್ಞೆ ಬಂತು. ಉಳಿದ ಫಿರಂಗಿಗಳೆಲ್ಲ ನಿಂತವು. ಇವನದು ನಿಲ್ಲಲಿಲ್ಲ. ತಮ್ಮವರೇ ಸತ್ತರು. ಬೇಕೆಂದೇ ಆಜ್ಞೆ ಮೀರಿದ್ದಾನೆ ಎಂದು ಹಿಡಿದು ತಂದರು. ಕೇಳಿಸಲಿಲ್ಲ ಎಂದು ಇವನು ಬಡಕೊಂಡ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಕಿವುಡರಾಗುತ್ತಾರೆ ಎಂದು ಅವರು ನಕ್ಕರು. ಆಜ್ಞೆ ಕೇಳಿಯೂ ನಿಲ್ಲಿಸಲಿಲ್ಲ ಎಂದಾದರೆ ಗುಂಡಿಕ್ಕುತ್ತಾರೆ. ಕೇಳಲೇ ಇಲ್ಲ ಎಂದಾದರೆ ಮನೆಗೆ ಕಳಿಸುತ್ತಾರೆ. ನಡುವೆ ಇನ್ನೊಂದು ದಾರಿ ಇರಲಿಲ್ಲ.

ಅಂದಿನಿಂದ ದೊಡ್ಡಪ್ಪ ಆ ಬಾಗಿಲ ಮುಂದೆ ಕೂಗುವಾಗಲೆಲ್ಲ ಕಾಲನ್ನೂ ಕುಟ್ಟಿದ. ತಾನಿಲ್ಲದ ಪಾಳಿಯಲ್ಲಿ ಏಟು ಬೀಳಬಾರದಲ್ಲ! ಹುಡುಗರನ್ನು ಕರೆದು, "ನಿಮ್ಮ ಲಾಠಿಗೆ ಅವನು ಬಗ್ಗಲ್ಲ ಕಣ್ರೋ. ಬೂಟನ್ನ ಜೋರಾಗಿ ನೆಲಕ್ಕೆ ಕುಟ್ಟಿ, ಹೆದರಿ ಎದ್ದು ನಿಲ್ತಾನೆ" ಎಂದ. ಮಾಡಿ ನೋಡಿದರು. ನಿಂತ. "ದೊಡ್ಡಪ್ಪ, ನೀವು ಸಿಂಹಾನೂ ಪಳಗಿಸ್ತೀರ ಬಿಡಿ" ಎಂದು ಹೊಗಳಿದರು. ಲಾಠಿ ಮೂಲೆ ಸೇರಿತು. ಮೇಜರ್ ಒಮ್ಮೆ ಸಾಲು ನೋಡಲು ಬಂದಾಗ ದೊರೆ ಒಂದೇ ಕೂಗಿಗೆ ಗೋಡೆ ಹಿಡಿದದ್ದನ್ನು ಕಂಡು, "ಶಿಸ್ತು ಅಂದ್ರೆ ಇದು" ಎಂದು ದೊಡ್ಡಪ್ಪನ ಬೆನ್ನು ತಟ್ಟಿ ಹೋದ.

ಅವನು ಕಿವುಡ ಎಂದು ಮೇಜರ್‌ಗೆ ಅಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಕೈದಿಯ ಜೊತೆ ಮಾತಾಡುವುದೇ ತಪ್ಪು. ಗುಟ್ಟಾಗಿ ಸನ್ನೆ ಮಾಡಿದರೆ ಮಾಡಿದವನಿಗೂ ಅದೇ ಸಾಲಿನಲ್ಲಿ ಒಂದು ಕೋಣೆ. ಒಬ್ಬ ಕೈದಿಗೆ ಬೀಡಿ ಕೊಟ್ಟ ತಪ್ಪಿಗೆ ಕೆಳಗಿನ ಮಹಡಿಯಲ್ಲಿ ಕೂತಿದ್ದ ಕಾವಲಿನವನನ್ನು ದೊಡ್ಡಪ್ಪ ದಿನಾ ನೋಡುತ್ತಿದ್ದ. ಜೊತೆಗೆ ಮಗನ ಚಿಂತೆ. ಇದ್ದೊಬ್ಬ ಮಗ ತರಬೇತಿ ಮುಗಿಸುತ್ತಿದ್ದ. ಅವನನ್ನು ಗುಡ್ಡಕ್ಕೆ ಕಳಿಸದೆ ಉಗ್ರಾಣಕ್ಕೆ ಹಾಕಿಸುತ್ತೇನೆ ಎಂದು ಮೇಜರ್ ಮಾತು ಕೊಟ್ಟಿದ್ದ. "ಡಾಕ್ಟ್ರು ನೋಡೇ ನೋಡ್ತಾರೆ, ಅವರಿಗೆ ಗೊತ್ತಾಗದೆ ಇರತ್ತಾ" ಎಂದು ದೊಡ್ಡಪ್ಪ ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ.

ಡಾಕ್ಟರು ನೋಡಿದರು. ದೊರೆಯನ್ನು ಕರೆದೊಯ್ದವನು ದೊಡ್ಡಪ್ಪನೇ. ಅದೇ ಮಹಡಿಯ ತುದಿಯ ಕೋಣೆ, ಅದೇ ಹಲಗೆಯ ನೆಲ. ಡಾಕ್ಟರಿಗೆ ಗಾಯಾಳುಗಳ ನಡುವೆ ಒಂದು ಗಳಿಗೆ ಕಣ್ಣು ಮುಚ್ಚಲೂ ಬಿಡುವಿಲ್ಲ. ಕಿವಿ ಪರೀಕ್ಷೆಯ ಯಂತ್ರ ಅವರು ಕಂಡು ಎಷ್ಟೋ ಕಾಲವಾಗಿತ್ತು. ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ದೊರೆ ಅಲುಗಲಿಲ್ಲ. ಕೊನೆಗೆ ಸ್ಟೀಲಿನ ತಟ್ಟೆಯೊಂದನ್ನು ಅವನ ಬೆನ್ನ ಹಿಂದೆ ಧೊಪ್ಪೆಂದು ಬೀಳಿಸಿದರು. ಪಾಪಿ, ಬರಿಗಾಲಲ್ಲಿ ನಿಂತಿದ್ದವನು! ಹಲಗೆ ನಡುಗಿತು, ಗೋಡೆಗೆ ನಿಲ್ಲುವ ಸೂಚನೆ ಎಂದುಕೊಂಡು ಒಂದೇ ಜಿಗಿತಕ್ಕೆ ಎದುರಿನ ಗೋಡೆಗೆ ಕೈ ಒತ್ತಿ ನಿಂತ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಚಪ್ಪಾಳೆ ಕೇಳಲ್ಲ, ತಟ್ಟೆ ಕೇಳತ್ತೆ. ಒಳ್ಳೇ ಕಿವಿ" ಎಂದರು. ಅಲ್ಲಿ ಬಾಯಿ ಬಿಡಬೇಕಿತ್ತು. ಕಾವಲಿಗೆ ಬಂದವನು ಮಾತಾಡುವಂತಿಲ್ಲ ಎಂಬ ನಿಯಮ ನಾಲಗೆಯ ಮೇಲೆ ಕೂತಿತ್ತು. ಬಿಡಲಿಲ್ಲ.

ಡಾಕ್ಟರು ಸಂದೇಹ ಎಂದು ಬರೆದರು. ಸಂದೇಹ ಬಂದದ್ದರಿಂದ ಕೋರ್ಟು ಇನ್ನೊಂದು ಸಾಕ್ಷಿ ಕೇಳಿತು. ಡಾಕ್ಟರ ಮುಂದೆ ಅರ್ಧ ಗಂಟೆ ನಾಟಕ ಆಡಬಹುದು, ಕೋಣೆಯಲ್ಲಿ ದಿನಗಟ್ಟಲೆ ಆಡಲಾಗುವುದಿಲ್ಲ, ಕಾವಲಿನವನನ್ನೇ ಕರೆಯಿರಿ ಎಂದಿತು.

ಆ ಸುದ್ದಿ ಬಂದ ದಿನ ದೊರೆಯ ಸಂಭ್ರಮ ನೋಡಬೇಕಿತ್ತು. ಅವನ ಪರ ನಿಂತಿದ್ದ ಲೆಫ್ಟಿನೆಂಟ್ ಸಾಕ್ಷಿ ಯಾರೆಂದು ಬರೆದು ತೋರಿಸಿದ್ದರಂತೆ. ದೊಡ್ಡಪ್ಪ ಊಟ ತಂದಿಟ್ಟ ಕೂಡಲೇ ಅವನ ಕೈ ಹಿಡಿದುಕೊಂಡ. "ನೀವೇ ಸಾಕ್ಷಿಯಂತೆ ಅಣ್ಣಾ! ನೀವೇ! ಇನ್ನೇನು ಬೇಕು!" ದನಿ ಏರಿತು. ದೊಡ್ಡಪ್ಪ ಕೈ ಕೆಳಗಾಡಿಸಿದ. ದೊರೆ ತನ್ನ ಮಟ್ಟಿಗೆ ಪಿಸುಗುಟ್ಟಿದ. ಪಕ್ಕದ ಕೋಣೆಗೂ ಕೇಳುವಷ್ಟು. "ಈ ಲೋಕದಲ್ಲಿ ನಂಗೆ ಕಿವಿ ಕೇಳಲ್ಲ ಅಂತ ಗೊತ್ತಿರೋರು ನೀವೊಬ್ರೇ. ನೋಡಿ, ದೇವರು ನಿಮ್ಮನ್ನೇ ಕರೆಸಿದಾನೆ."

ದೊಡ್ಡಪ್ಪ ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತವನು ಎಲ್ಲವನ್ನೂ ಹೆಂಡತಿಗೆ ಹೇಳಿಬಿಟ್ಟ. ಸಿಪಾಯಿಗಳ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ. ಮೂಲೆಯ ಮೊಳೆಯಲ್ಲಿ ಮಗ ರಜೆಗೆ ಬಂದಾಗ ಬಿಟ್ಟುಹೋದ ಅಂಗಿ ಹಾಗೇ ತೂಗುತ್ತಿತ್ತು. ಆಕೆ ಕೈಯ ಸೌಟನ್ನು ಕೆಳಗಿಡದೆ ಕೇಳಿದಳು.

"ನೀವು ಹೇಳಿದ್ರೆ ನಿಮ್ಮನ್ನ ಏನು ಮಾಡ್ತಾರೆ?"

"ಸನ್ನೆ ಮಾಡಿದ್ದಕ್ಕೆ ಒಳಗೆ ಹಾಕ್ತಾರೆ. ಮನೆ ಬಿಡಿಸ್ತಾರೆ."

"ಅವನ ಕೆಲಸ?" ಎಂದು ಮೊಳೆಯ ಮೇಲಿನ ಮಗನ ಅಂಗಿಯ ಕಡೆ ನೋಡಿದಳು.

"ಮೇಜರ್ ಇನ್ಯಾಕೆ ಹಾಕಿಸ್ತಾನೆ? ಶಿಸ್ತು ಶಿಸ್ತು ಅಂತ ಮೇಲಿನವರ ಮುಂದೆ ಕುಣಿದಾಡಿದಾನೆ. ಮುಖಕ್ಕೆ ಮಸಿ ಬಳಿದ ಹಾಗಾಗತ್ತೆ ಅವನಿಗೆ."

ಆಕೆ ಕೈಯ ಸೌಟನ್ನು ಕೆಳಗಿಟ್ಟಳು. ಆಮೇಲೆ, "ಹೇಳ್ಬಿಡಿ. ಆ ಕೈದೀನೂ ಒಬ್ಬ ತಾಯಿಗೆ ಮಗನೇ ತಾನೇ. ನಮ್ಮ ಹುಡುಗನ ಹಣೇಲಿ ಇದ್ದಂಗಾಗ್ಲಿ" ಎಂದಳು. ದೊಡ್ಡಪ್ಪನಿಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡ. ಆದರೆ ಸಾಕ್ಷಿಯ ದಿನ ಬೆಳಿಗ್ಗೆ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಹೊಸಿಲು ದಾಟುವಾಗ ಆಕೆ ಹಿಂದಿನಿಂದ, "ಆದ್ರೂ..." ಎಂದಳು. ದೊಡ್ಡಪ್ಪ ತಿರುಗಿ ನೋಡಿದ. "ಏನಿಲ್ಲ, ಹೋಗ್ಬನ್ನಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಕೋರ್ಟು ಕೂತಿದ್ದು ಕೆಳಗೆ, ಹಿಂದೆ ಗೋದಾಮಿನ ಕಚೇರಿಯಾಗಿದ್ದ ಸಿಮೆಂಟು ನೆಲದ ಕೋಣೆಯಲ್ಲಿ. ಬಾಗಿಲ ಹೊರಗೆ ದೊಡ್ಡಪ್ಪ ಆ ಲೆಫ್ಟಿನೆಂಟರನ್ನು ಹಿಡಿದು, "ಸಾರ್, ಅವನ ವಿಷಯ ಒಂದು ಮಾತು ಇದೆ" ಎಂದ. ಲೆಫ್ಟಿನೆಂಟರ ಕಂಕುಳಲ್ಲಿ ಇನ್ನೂ ಯಾರ್ಯಾರದೋ ಕೇಸಿನ ಕಟ್ಟು. "ಈಗ ಕರೀತಾರೆ, ಒಳಗೇ ಹೇಳಿ. ಬೇರೆ ಏನಾದ್ರೂ ಇದ್ಯಾ ಅಂತ ನಾನೇ ಕೇಳ್ತೀನಿ, ಆಗ ಹೇಳ್ಬಿಡಿ" ಎಂದರು. ಅಷ್ಟು ಸಲೀಸು ಮಾಡಿಕೊಟ್ಟರು. ಇನ್ನೇನು, ಬಾಯಿ ತೆರೆದರಾಯಿತು.

ಮೇಜಿನ ನಡುವೆ ಕರ್ನಲ್, ಅಕ್ಕಪಕ್ಕ ಇಬ್ಬರು ಅಧಿಕಾರಿಗಳು. ಪಕ್ಕದ ಕುರ್ಚಿಯಲ್ಲಿ ಜೈಲಿನ ಮೇಜರ್. ಎದುರಿಗೆ ಬೇಡಿ ಹಾಕಿಸಿಕೊಂಡ ದೊರೆ ದೊಡ್ಡಪ್ಪನನ್ನು ನೋಡಿ ಮದುವೆ ಮನೆಯಲ್ಲಿ ಹತ್ತಿರದ ನೆಂಟನನ್ನು ಕಂಡವನಂತೆ ಮುಖ ಅರಳಿಸಿದ. ದೊಡ್ಡಪ್ಪ ಪ್ರಮಾಣ ಮಾಡಿದ. ಹಿಮ್ಮಡಿ ಜೋಡಿಸಿ ನಿಂತ.

"ಗೋಡೆ ಅಂತ ಕೂಗಿದ್ರೆ ಈ ಕೈದಿ ತಿರುಗ್ತಾನಾ?" ಕರ್ನಲ್ ಕೇಳಿದರು.

ಮೇಲಿನವರು ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುವುದಷ್ಟೇ ಅವನಿಗೆ ಜೀವಮಾನವಿಡೀ ರೂಢಿ. "ತಿರುಗ್ತಾನೆ ಸಾರ್" ಎಂದ ದನಿ ತನ್ನದೇ ಎಂದು ಗೊತ್ತಾಗುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು.

"ಎಷ್ಟು ಸಲ ಕೂಗ್ಬೇಕು?"

"ಒಂದೇ ಸಲ ಸಾರ್."

"ಬೆನ್ನು ಹಾಕಿ ಕೂತಿರುವಾಗಲೂ?"

"ಹೌದು ಸಾರ್."

ಬರೆದುಕೊಳ್ಳುವವನ ಪೆನ್ನು ಓಡುತ್ತಿತ್ತು. ಲೆಫ್ಟಿನೆಂಟ್ ಎದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಆದರೂ ಮಾತು ಉಳಿಸಿಕೊಂಡರು. "ಹವಾಲ್ದಾರ್, ಈ ಕೈದಿ ಬಗ್ಗೆ ಕೋರ್ಟಿಗೆ ಬೇರೆ ಏನಾದ್ರೂ ಹೇಳೋದಿದ್ಯಾ?"

ಇತ್ತು. ನಾಲಗೆಯ ತುದಿಯಲ್ಲೇ ಇತ್ತು. ದೊಡ್ಡಪ್ಪನ ತುಟಿಗಳು ಬೇರೆಯಾದವು. ಅಷ್ಟರಲ್ಲಿ ಮೇಜರ್ ಅವನನ್ನು ನೋಡಿದ. ಹೆದರಿಸಲು ನೋಡಿದ್ದಾದರೆ ಒಳ್ಳೆಯದಿತ್ತು. ದೊಡ್ಡಪ್ಪ ರೇಗಿಕೊಂಡಾದರೂ ಹೇಳಿಬಿಡುತ್ತಿದ್ದ. ಆ ಮನುಷ್ಯ ಶಹಭಾಸ್ ಎನ್ನುವ ಹಾಗೆ ಪ್ರೀತಿಯಿಂದ ತಲೆಯಾಡಿಸಿದ. ಮೊಳೆಯ ಅಂಗಿ ಕಣ್ಣಿಗೆ ಕಟ್ಟಿತು. ಹೊಸಿಲಲ್ಲಿ ಅರ್ಧಕ್ಕೆ ನಿಂತ ಆ ಒಂದು ಮಾತು ಕಿವಿಯಲ್ಲಿ ಕೇಳಿತು. ಕಿವಿ ಇದ್ದದ್ದೇ ಅವನ ಕರ್ಮವಾಯಿತು ನೋಡಿ.

"ಇಲ್ಲ ಸಾರ್. ಏನೂ ಇಲ್ಲ."

ಲೆಫ್ಟಿನೆಂಟ್ ಅವನನ್ನೇ ಒಂದು ಗಳಿಗೆ ದಿಟ್ಟಿಸಿ ಕೂತುಬಿಟ್ಟರು.

ಕೈದಿಯನ್ನು ವಾಪಸು ಕರೆದೊಯ್ಯುವ ಕೆಲಸವೂ ದೊಡ್ಡಪ್ಪನದೇ. ಮೆಟ್ಟಿಲು ಹತ್ತುವಾಗ ದೊರೆ ಬೇಡಿಯ ಕೈಗಳಲ್ಲೇ ಅವನ ತೋಳು ಹಿಡಿದು ಅಲುಗಾಡಿಸಿದ. "ಹೇಳಿದ್ರಲ್ಲ ಅಣ್ಣಾ! ನಾನು ನಿಮ್ಮ ಬಾಯನ್ನೇ ನೋಡ್ತಿದ್ದೆ. ಅಷ್ಟು ದೂರಕ್ಕೆ ಮಾತು ಏನಂತ ತಿಳೀಲಿಲ್ಲ, ಆದ್ರೂ ಎಷ್ಟು ಚೆನ್ನಾಗಿ ಉತ್ತರ ಕೊಟ್ರಿ, ಒಂಚೂರೂ ತಡವರಿಸಲಿಲ್ಲ! ಬರ್ಕೊಂಡ್ರು, ಎಲ್ಲಾನೂ ಬರ್ಕೊಂಡ್ರು!" ಸಾಲಿನ ತುದಿಯಲ್ಲಿ ನಿಂತಿದ್ದ ಕಾವಲಿನ ಹುಡುಗರು ತಿರುಗಿ ನೋಡಿದರು. ದೊಡ್ಡಪ್ಪ ಹೌದೆಂದು ತಲೆಯಾಡಿಸಿದ. ಆ ತಲೆಯಾಟಕ್ಕೆ ದೊರೆ ಬಗ್ಗಿ ಅವನ ಕೈಗೆ ಹಣೆ ಮುಟ್ಟಿಸಿದ.

ಆಮೇಲಿನ ದಿನಗಳನ್ನು ದೊಡ್ಡಪ್ಪ ಹೇಗೆ ಕಳೆದನೋ ಅವನಿಗೇ ಗೊತ್ತು. ಮಗನ ನೇಮಕದ ಆದೇಶ ಬಂತು, ಉಗ್ರಾಣವೇ. ಹೆಂಡತಿ ಅದನ್ನು ಓದಿಸಿ ಕೇಳಿ ಅತ್ತಳು. ಕೋರ್ಟಿನಲ್ಲಿ ಏನಾಯಿತು ಎಂದು ಒಂದು ಸಲವೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಅನ್ನ ಕಲಸಿಕೊಂಡು, ತುತ್ತೆತ್ತದೆ ಎದ್ದು ಕೈ ತೊಳೆಯುತ್ತಿದ್ದರು. ಜೈಲಿಗೆ ಹೋದರೆ ಅಲ್ಲಿ ಇದಕ್ಕಿಂತ ನರಕ. ಲೆಫ್ಟಿನೆಂಟ್ ಮತ್ತೆ ಆ ಕಡೆ ಬರಲಿಲ್ಲ, ಕೋರ್ಟಿನಲ್ಲಿ ಏನಾಯಿತೆಂದು ದೊರೆಗೆ ಬರೆದು ತೋರಿಸುವವರು ಬೇರಾರೂ ಇರಲಿಲ್ಲ. ದೊರೆಗೆ ಮಾತೇ ಮಾತು. ಮನೆಯ ಸೂರು ಸೋರುತ್ತಿತ್ತಂತೆ, ಹೋದ ಕೂಡಲೇ ಅದನ್ನು ಸರಿ ಮಾಡಬೇಕಂತೆ. "ನನ್ನ ಹೆಂಡ್ತಿ ಬಾಯಿ ತುಂಬಾ ಜೋರು ಅಣ್ಣಾ. ಇನ್ನು ಎಷ್ಟು ಬೈದ್ರೂ ನಂಗೆ ಕೇಳ್ಸಲ್ಲ. ಅದೊಂದು ಲಾಭ ನೋಡಿ!" ಎಂದು ತನ್ನ ಜೋಕಿಗೆ ತಾನೇ ನಕ್ಕ. ಸತ್ತವರ ನೆನಪಾದಾಗ ಮಾತ್ರ ಮುಖ ಮುಚ್ಚಿಕೊಂಡು, "ಒಂದು ಸಲ ಹಿಂದಿನಿಂದ ಬಂದು ನನ್ನ ಭುಜ ಹಿಡಿದು ಎಳೆದಿದ್ರೂ ನಿಲ್ಲಿಸ್ತಿದ್ದೆ" ಎಂದು ಬಿಕ್ಕುತ್ತಿದ್ದ.

ತೀರ್ಪು ಮಧ್ಯಾಹ್ನದ ಹೊತ್ತಿಗೆ ಬಂತು. ಅದನ್ನು ಕೈದಿಗೆ ಕೋಣೆಯಲ್ಲೇ ಗಟ್ಟಿಯಾಗಿ ಓದಿ ಹೇಳಬೇಕೆಂಬುದು ನಿಯಮ. ಮೇಜರ್ ಬಂದ. ದೊಡ್ಡಪ್ಪ ಕೂಗಿ, ಕಾಲು ಕುಟ್ಟಿ, ಬೀಗ ತೆಗೆದ. ದೊರೆಯನ್ನು ಈ ಕಡೆ ತಿರುಗಿಸಿ ನಿಲ್ಲಿಸಿದರು. ಮೇಜರ್ ಕಾಗದವನ್ನು ಮುಖದ ಎದುರು ಹಿಡಿದು ಓದಿದ. ಆಜ್ಞೆ ಸ್ಪಷ್ಟವಾಗಿ ಕೇಳಿಸಿಯೂ ಉಲ್ಲಂಘಿಸಿರುವುದು ಸಾಬೀತಾಗಿದೆ, ನಾಳೆ ಬೆಳಿಗ್ಗೆ ಗುಂಡಿಕ್ಕಿ ಕೊಲ್ಲತಕ್ಕದ್ದು. ಓದುತ್ತಿರುವಷ್ಟು ಹೊತ್ತೂ ದೊರೆ ಎದೆ ಸೆಟೆಸಿ, ಸಿಪಾಯಿಯ ಗತ್ತಿನಲ್ಲಿ, ನಗುಮುಖದಿಂದ ನಿಂತಿದ್ದ.

"ನೋಡು, ಈಗಲೂ ಹಲ್ಲು ಕಿರೀತಾನೆ" ಎಂದ ಮೇಜರ್.

"ಅವನಿಗೆ ಕಿವಿ ಕೇಳಲ್ಲ ಸಾರ್." ದೊಡ್ಡಪ್ಪನ ಬಾಯಿಂದ ಮಾತು ತಾನಾಗಿ ಬಿತ್ತು. "ನಾನು ಕಾಲು ಕುಟ್ತೀನಿ ಸಾರ್, ಹಲಗೆ ಅದುರತ್ತೆ, ಅದಕ್ಕೆ ತಿರುಗ್ತಾನೆ. ಕೂಗಿದ್ದಕ್ಕಲ್ಲ. ಮೊದಲಿಂದಾನೂ ನಂಗೆ ಗೊತ್ತಿತ್ತು ಸಾರ್."

ಮೇಜರ್ ಕಾಗದ ಮಡಚುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಕೋಪವಿರಲಿಲ್ಲ, ಬೇಸರವಿತ್ತು. "ದೊಡ್ಡಪ್ಪ, ಬೇರೆ ಏನಾದ್ರೂ ಇದ್ಯಾ ಅಂತ ಕೇಳಿದ್ರಲ್ಲ ಅವತ್ತು? ಪ್ರಮಾಣ ಮಾಡಿ ಇಲ್ಲ ಅಂದ್ಯಲ್ಲ? ಮೇಲಿನವರು ಸಹಿ ಹಾಕಿ ಆಯ್ತು. ನಿನ್ನ ಕರುಳು ಮೆತ್ತಗೆ, ಅದು ನಂಗೆ ಗೊತ್ತು. ನಾನು ಏನೂ ಕೇಳಿಸ್ಕೊಂಡಿಲ್ಲ, ಹೋಗು, ಮನೆಗೆ ಹೋಗಿ ಮಲ್ಕೋ." ಭುಜ ತಟ್ಟಿ ಹೊರಟುಹೋದ. ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ದೊಡ್ಡಪ್ಪ ಕೈಯಲ್ಲಿ ಬೀಗ ಹಿಡಿದು ನಿಂತೇ ಇದ್ದ.

"ಏನಂದ್ರು ಅಣ್ಣಾ?" ಎಂದ ದೊರೆ. ಈ ಸಲ ನಿಜವಾಗಿ ಮೆಲ್ಲಗೆ ಅಂದಿದ್ದ. "ಮೀಸೆ ಅಡ್ಡ, ಕಾಗದ ಬೇರೆ. ಬಾಯಿ ಕಾಣಲೇ ಇಲ್ಲ. ಏನಂದ್ರು?"

ದೊರೆ ದೊಡ್ಡಪ್ಪನ ತುಟಿಗಳನ್ನೇ ಕಣ್ಣು ಕೀಲಿಸಿ ನೋಡುತ್ತಿದ್ದ, ಒಂದಕ್ಷರವೂ ತಪ್ಪಬಾರದೆಂದು.

"ಮನೆಗೆ" ಎಂದ ದೊಡ್ಡಪ್ಪ. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಅಷ್ಟು ಸಾಕಾಯಿತು.

"ಯಾವಾಗ? ನಾಳೆನಾ?"

ದೊಡ್ಡಪ್ಪ ತಲೆಯಾಡಿಸಿದ.

ದೊರೆ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಂಡ. ಆಮೇಲೆ ನೆಲದ ಮೇಲೆ ಕೂತು, ಜೈಲಿನವರಿಗೆ ವಾಪಸು ಕೊಡಬೇಕಲ್ಲ ಎಂದು, ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ.